ಹುಣಸೆ ತೋಪಿನ ಫರಸಿ

ನಿಜಾಮರ ಕಾಲದಲ್ಲಿ ಚಿತ್ತಾಪುರದ ಹೊರಗಿನ ಹುಣಸೆ ತೋಪಿನಲ್ಲಿ ದಾರಿಯ ಗಾಡಿಗಳು ಬಿಡಾರ ಹೂಡುತ್ತಿದ್ದವು. ಬಂದವರನ್ನು ನೋಡಿಕೊಳ್ಳುವ ಪುಕ್ಕಟೆ ಸೇವೆಯನ್ನು ನಾನೇ ಮೈಮೇಲೆ ಎಳೆದುಕೊಂಡಿದ್ದೆ. ಮಲಗಲೆಂದು ಹಾಸಿದ್ದ ಶಹಾಬಾದಿನ ಫರಸಿ ಚಪ್ಪಡಿಗಳ ಮೇಲೆಯೇ ಎಲ್ಲರೂ ಒಲೆ ಹೂಡುವರು. ಕಾವಿಗೆ ಕಲ್ಲು ಪಟ್ಟನೆ ಸೀಳುವುದು. "ನೆಲದ ಮ್ಯಾಲ ಹೂಡ್ರಿ" ಎಂದು ದಿನವೂ ಗಂಟಲು ಹರಿದುಕೊಂಡೆ. ಗೋಡೆಗೆ ಹೇಳಿದಂತಾಯಿತು.

ಕೊನೆಗೆ "ಫರಸಿಯ ಮೇಲೆ ಒಲೆ ಹೂಡಬಾರದು" ಎಂದು ಒಂದು ಫರಸಿಯಲ್ಲೇ ಕೆತ್ತಿಸಿ ಮರಕ್ಕೆ ಒರಗಿಸಿದೆ. ಮರುದಿನ ಸೇಡಂ ಕಡೆಯ ಮಾಸ್ತರರೊಬ್ಬರು ಸಂಸಾರಸಮೇತ ಬಂದರು. ಅದನ್ನು ಗಟ್ಟಿಯಾಗಿ ಓದಿ, "ಅಕ್ಷರ ಭಾಳ ಚಂದ ಅದಾವ್ರಿ" ಎಂದರು. ಓದು ಬಂದವರು ಎಂದು ನನಗೆ ಸಮಾಧಾನ. ನಾನು ನೀರು ತರುವಷ್ಟರಲ್ಲಿ ಅದೇ ಕಲ್ಲನ್ನು ಮಲಗಿಸಿ, ಅದರ ಮೇಲೆ ಒಲೆ ಹೂಡಿ ಬೇಳೆ ಬೇಯಲಿಟ್ಟಿದ್ದರು!

"ನೀವು ಹಾಸಿದ್ದು ಒಂದೂ ಮುಟ್ಟಿಲ್ರಿ" ಎಂದು ಅವರು ಹೇಳಿ ಮುಗಿಸುವ ಮೊದಲೇ ಕಲ್ಲು ಎರಡು ಹೋಳಾಯಿತು.

ವರ್ಷದ ಮೇಲೆ ಆ ಸೇವೆಗೆ ಹೊಸಬನೊಬ್ಬ ಮುಂದೆ ಬಂದ. ಅವನಿಗೆ ಒಡೆದ ಕಲ್ಲು ತೋರಿಸಿ ನಡೆದದ್ದನ್ನೆಲ್ಲ ಹೇಳಿದೆ. "ಏನೂ ಬರಸಬ್ಯಾಡಪಾ. ಗಾಡಿ ಬರೂಕಿಂತ ಮೊದಲ ನೀನ ನೆಲದ ಮ್ಯಾಲ ಒಲಿ ಹೂಡಿ ಇಡು. ಹೂಡಿದ ಒಲಿ ಬಿಟ್ಟು ಯಾರೂ ಬ್ಯಾರೆ ಹೂಡಂಗಿಲ್ಲ" ಎಂದೆ.

ಅವನು ತಲೆಯಾಡಿಸುತ್ತ ಎಲ್ಲವನ್ನೂ ಕೇಳಿದ.

"ಖರೇ ಅದರಿ," ಎಂದ. "ಆದ್ರ ಈ ಸಲ ದೊಡ್ಡ ಕಲ್ಲಿನ ಮ್ಯಾಲ ಬರಸ್ತೀನ್ರಿ."