ದೀಪದ ಹುಡುಗಿಯ ಗೆಲುವಿನ ಮಾತು

ಇನೋಮಾತಾ ಚಿಗುಸಾ ಅವರನ್ನು ನಾನು ಮೊದಲು ನೋಡಿದ್ದು ಜಪಾನಿನ ತೊಯಾಮಾದಲ್ಲಿ ನಾನು ಕೆಲಸ ಮಾಡುವ ವಿಡಿಯೊ ಆಟದಂಗಡಿಯಲ್ಲಿ, ಒಂದು ಗುರುವಾರ ಮಧ್ಯಾಹ್ನ. ಹೊರಗೆ ಹಿಮ ಕರಗಿ ನೀರಾಗಿತ್ತು. ಒದ್ದೆ ಕೊಡೆಗೆ ಬಾಗಿಲಲ್ಲಿಟ್ಟಿದ್ದ ಪ್ಲಾಸ್ಟಿಕ್ ಚೀಲವನ್ನು ಜೋಪಾನವಾಗಿ ತೊಡಿಸಿ ಒಳಗೆ ಬಂದರು. ಇನ್ನೊಂದು ಕೈಯ ಚೀಲದಿಂದ ಈರುಳ್ಳಿ ಸೊಪ್ಪು ಇಣುಕುತ್ತಿತ್ತು. ಊಟದ ಡಬ್ಬಿ ಕಟ್ಟುವ ಅಂಗಡಿಯವರು ಹಾಕುವ ಟೋಪಿಯ ಗುರುತು ಹಣೆಯ ಮೇಲೆ ಇನ್ನೂ ಕೆಂಪಗಿತ್ತು. ನೇರವಾಗಿ ‘ಮಂಜಿನ ಕೋಟೆ’ ಆಟದ ಯಂತ್ರಗಳ ಹತ್ತಿರ ಹೋಗಿ, ಆಡುತ್ತಿದ್ದವರ ಬೆನ್ನ ಹಿಂದೆ ನಿಂತರು.

ಮಗನನ್ನು ಕರೆದೊಯ್ಯಲು ಬಂದಿರಬೇಕು ಅಂದುಕೊಂಡು ನಾನು ಕೇಳಿದೆ: "ಯಾರನ್ನಾದ್ರೂ ಹುಡುಕ್ತಿದ್ದೀರಾ?"

"ಇಲ್ಲ ಇಲ್ಲ, ಸುಮ್ನೆ ನೋಡ್ತಿದ್ದೀನಿ. ಈ ಆಟ ಚೆನ್ನಾಗಿದ್ಯಾ?"

ನಾನು ಬೆಟ್ಟದ ಮೇಲಿನ ಹಳ್ಳಿಯವನು. ನಮ್ಮ ಮನೆಯಲ್ಲಿ ಕಾಲೇಜು ಮುಗಿಸಿದ ಮೊದಲನೆಯವನು. ಯಾರು ಏನು ಕೇಳಿದರೂ ಪರೀಕ್ಷೆಗೆ ಕೂತವನ ಹಾಗೆ ಪೂರ್ತಿ ಉತ್ತರ ಹೇಳುವ ಅಭ್ಯಾಸ. ಈ ಆಟಕ್ಕೆ ಮೂಲವಾದ ಟಿವಿಯ ಅನಿಮೆ ಕಾರ್ಟೂನಿನಿಂದಲೇ ಎದ್ದು ಬಂದ ಹಾಗಿರುವ ಚಿತ್ರಗಳನ್ನು ಹೊಗಳಿದೆ. ಇಂಥವೇ ಎರಡು ಪಾತ್ರಗಳು ಎದುರಾದರೆ ಆ ಜೋಡಿಗೆಂದೇ ಬರೆದ ಮಾತುಗಳು ಕೇಳಿಬರುವುದು ಬೇರೆ ಆಟಗಳಲ್ಲಿ ಅಪರೂಪ ಎಂದೆ. ಕೆಟ್ಟದ್ದು ಅಂದರೆ ಪಾತ್ರಗಳ ನಡುವೆ ಸಮಬಲವೇ ಇಲ್ಲ. ಮಂಜಿನ ದೊರೆ ಒಂದು ಸಲ ಮೂಲೆಗೆ ತಳ್ಳಿದರೆ ಮುಗಿಯಿತು, ಹೊರಬರುವ ದಾರಿ ಇಲ್ಲ.

"ಇನ್ನು ದೀಪ ಹಿಡಿದ ಹುಡುಗಿ ತೊಮೊಶಿ ಇದ್ದಾಳಲ್ಲ, ಅವಳಂತೂ ಲೆಕ್ಕಕ್ಕೇ ಇಲ್ಲ. ಎದುರಿನವನನ್ನ ಹಂಗಿಸ್ಬೇಕು ಅಂದ್ರೆ ಮಾತ್ರ ಅವಳನ್ನ ತಗೋತಾರೆ, ನಿಂಗೆ ಇವಳೇ ಸಾಕು ಅಂತ. ಅನಿಮೆಯಲ್ಲಿ ದೊರೆ ಅವಳನ್ನ ಕೊಂದುಬಿಡ್ತಾನೆ. ಆಟದಲ್ಲಿ ಅವಳು ದೊರೆಯನ್ನ ಸೋಲಿಸಿದ್ರೆ ಏನೋ ವಿಶೇಷ ಮಾತು ಹೇಳ್ತಾಳಂತೆ. ಇಲ್ಲಿ ಯಾರೂ ಕೇಳಿಲ್ಲ."

"ಕೇಳಿಲ್ವಾ?" ಎಂದರು. ಅವರ ಮುಖದಲ್ಲಿ ನೆಮ್ಮದಿ ಕಂಡಿತು. ಆಗ ನನಗದು ಅರ್ಥವಾಗಲಿಲ್ಲ.

ಅಂದಿನಿಂದ ಅವರು ಗುರುವಾರ ತಪ್ಪಿಸಲಿಲ್ಲ. ಅದೇ ದಿನಗಳಲ್ಲಿ ರಿಸಾಕೊ ಎಂಬ ಹುಡುಗಿಯೂ ಬರುತ್ತಿದ್ದಳು. ಬಟ್ಟೆ ಒಗೆಯುವ ಅಂಗಡಿಯಲ್ಲಿ ಅವಳ ಕೆಲಸ. ತಮಾಷೆಗಲ್ಲದೆ, ನಿಜವಾಗಿ ಗೆಲ್ಲಬೇಕೆಂದು ತೊಮೊಶಿಯಾಗಿ ಆಡುತ್ತಿದ್ದವಳು ಅವಳೊಬ್ಬಳೇ. ಯಂತ್ರಗಳು ಬೆನ್ನಿಗೆ ಬೆನ್ನು ಕೊಟ್ಟಿರುವುದರಿಂದ ಎದುರಾಳಿಯ ಮುಖ ಕಾಣುವುದಿಲ್ಲ. ಆದರೂ ಆಚೆ ಬದಿಯಿಂದ ಯಾವಾಗಲೂ ದೊರೆಯಾಗಿ ಆಡುವ, ಪಾರ್ಸೆಲ್ ಲಾರಿ ಓಡಿಸುವ ಗೊಂದಾನ ಕೂಗು ಕೇಳುತ್ತಿತ್ತು.

"ಓ ಲಾಂದ್ರದಮ್ಮ! ಇವತ್ತಾದ್ರೂ ಎಣ್ಣೆ ಹಾಕ್ಕೊಂಡು ಬಂದಿದ್ದೀಯಾ?"

"ನಿಮ್ಮ ದೊರೆಗೆ ಒಂದೇ ಏಟು ಗೊತ್ತಿರೋದು, ಗೊಂದಾ-ಸಾನ್. ಅದೂ ಅವನದು, ನಿಮ್ಮದಲ್ಲ," ಎನ್ನುತ್ತಿದ್ದಳು ರಿಸಾಕೊ. ಆಮೇಲೆ ಸೋಲುತ್ತಿದ್ದಳು.

ಅವಳು ಗೆಲುವಿನ ಹತ್ತಿರ ಬಂದಾಗಲೆಲ್ಲ ಚಿಗುಸಾ ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಒಂದು ದಿನ ನಾನೂ ಹಿಂದೆ ಹೋದೆ. ಬಿಸಿ ಕಾಫಿ ಡಬ್ಬಿಯನ್ನು ತೆರೆಯದೆ ಕೈಯಲ್ಲಿ ಹಿಡಿದು ಪಾನೀಯ ಮಾರುವ ಯಂತ್ರದ ಪಕ್ಕ ನಿಂತಿದ್ದರು.

"ತೊಮೊಶಿಗೆ ಧ್ವನಿ ಕೊಟ್ಟಿದ್ದು ನಾನು," ಎಂದರು.

ಅವರು ಟೋಕಿಯೊದಲ್ಲಿದ್ದಾಗಿನ ಮಾತು. ಗಾಜಿನ ಕೋಣೆಯಲ್ಲಿ ಒಬ್ಬರೇ ನಿಂತು ಮೊದಲು ಏಟು ತಿಂದ ಕೂಗು, ಸಾಯುವ ಕೂಗು, ಕೊನೆಗೆ ಗೆದ್ದ ಮಾತು ಹೇಳಬೇಕಿತ್ತಂತೆ. ಆ ದಿನ ಬೇರೊಂದು ದೊಡ್ಡ ಪಾತ್ರದ ಆಯ್ಕೆಗೆ ಓಡಬೇಕಿತ್ತು. "ಇವಳೆಲ್ಲಿ ದೊರೇನ ಗೆಲ್ತಾಳೆ ಬಿಡಿ ಅಂತ ಧ್ವನಿ ರೆಕಾರ್ಡ್ ಮಾಡೋರಿಗೆ ಅಂದೆ. ಅವರೂ ನಕ್ಕರು. ಚೀಟಿಯಲ್ಲಿದ್ದದ್ದನ್ನ ಸುಮ್ನೆ ಓದಿ ಓಡಿದೆ. ಆ ದೊಡ್ಡ ಪಾತ್ರವೂ ಸಿಗಲಿಲ್ಲ."

"ರಿಸಾಕೊಗೆ ಮೊದಲೇ ಹೇಳಿಬಿಡಿ," ಎಂದೆ.

"ಹೇಗೆ ಹೇಳಲಿ? ಅವಳು ಆ ಮಾತಿಗೋಸ್ಕರವೇ ಆಡ್ತಿದ್ದಾಳೆ."

ಅವರು ಹೇಳಲಿಲ್ಲ.

ವಸಂತದ ಪಂದ್ಯಾವಳಿಯ ದಿನ ಅಂಗಡಿ ತುಂಬಿತ್ತು. ಮೊದಲ ಸುತ್ತಿನಲ್ಲೇ ರಿಸಾಕೊಗೆ ಗೊಂದಾ ಎದುರಾದ. ಚಿಗುಸಾ ಈ ಸಲ ಹೊರಗೆ ಹೋಗಲಿಲ್ಲ. ಜನ ಒತ್ತಿಕೊಂಡು ನಿಂತಿದ್ದರಿಂದ ಹೋಗಲು ದಾರಿಯೂ ಇರಲಿಲ್ಲ. ರಿಸಾಕೊ ಒಮ್ಮೆಯೂ ಮೂಲೆಗೆ ಸರಿಯಲಿಲ್ಲ. ದೊರೆ ಕೈ ಚಾಚುವ ಮೊದಲೇ ಅವನ ತಲೆಯ ಮೇಲಿಂದ ಹಾರಿ ಆಚೆ ಇಳಿಯುತ್ತಿದ್ದಳು. ಕೊನೆಗೆ ದೀಪವನ್ನು ಬೀಸಿ ಹೊಡೆದಾಗ ದೊರೆ ಮೊಣಕಾಲೂರಿ ಬಿದ್ದ. ಎಲ್ಲರೂ ಕೂಗಿದರು. "ಶ್! ಮಾತು ಬರುತ್ತೆ, ಸುಮ್ನಿರ್ರಪ್ಪ!" ಎಂದು ಯಾರೋ ಗದರಿದರು. ಅಂಗಡಿ ನಿಶ್ಶಬ್ದವಾಯಿತು.

ತೊಮೊಶಿ ತೆರೆಯ ತುಂಬ ಎದ್ದು ನಿಂತು, ಕಣ್ಣೀರು ಸುರಿಸುತ್ತಾ ದೀಪವನ್ನು ಮೇಲೆತ್ತಿದಳು. ಚಿತ್ರ ಬಹಳ ಚೆನ್ನಾಗಿತ್ತು.

"ನನ್ನ ದೀಪ ಇನ್ನೂ ಆರಿಲ್ಲ," ಎಂದಿತು ಧ್ವನಿ. ಅಂಗಡಿ ಮುಚ್ಚುವ ಹೊತ್ತಾಯಿತು ಎಂದು ಹೇಳುವವರ ಹಾಗೆ.

ಒಬ್ಬ ನಕ್ಕ, ಆಮೇಲೆ ಎಲ್ಲರೂ. "ಗೆದ್ದವಳಿಗೇ ಬೇಜಾರಾಗಿದೆ ನೋಡ್ರೋ!" ಎಂದ ಗೊಂದಾ, ಸೋತ ಸಂಕಟವನ್ನೆಲ್ಲ ಅದರಲ್ಲಿ ತೀರಿಸಿಕೊಳ್ಳುತ್ತಾ. ರಿಸಾಕೊ ತಿರುಗಲಿಲ್ಲ. ಅವಳ ಕಿವಿಗಳು ಕೆಂಪಾಗಿದ್ದವು.

ಚಿಗುಸಾ ಜನರನ್ನು ಸರಿಸಿಕೊಂಡು ಮುಂದೆ ಬಂದರು. ಸೊಂಟ ಬಗ್ಗಿಸಿ, ತಲೆ ಎತ್ತದೆ ನಿಂತರು. "ಅದು ನನ್ನ ಧ್ವನಿ. ಅವಳು ಗೆಲ್ಲೋದೇ ಇಲ್ಲ ಅಂದ್ಕೊಂಡು ಹಾಗೆ ಓದಿದೆ. ಕ್ಷಮಿಸಿ."

ನಗು ನಿಂತಿತು. ಎಲ್ಲಿ ನೋಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಗೊಂದಾ ಯಂತ್ರದ ಹಿಂದಿನಿಂದ ಎದ್ದು ಬಂದು, "ಅಯ್ಯೋ ಆಂಟಿ, ನಾನು ಸುಮ್ನೆ..." ಎಂದು ತೊದಲಿದ.

"ಬೇಕಾದ್ರೆ ಈಗ ಸರಿಯಾಗಿ ಹೇಳ್ತೀನಿ," ಎಂದರು ಚಿಗುಸಾ, ಬಗ್ಗಿದಂತೆಯೇ.

ರಿಸಾಕೊ ಕುರ್ಚಿಯಲ್ಲೇ ತಿರುಗಿದಳು. "ಬೇಡ, ಇನೋಮಾತಾ-ಸಾನ್. ಈಗ ಹೇಳಿದ್ರೆ ನಿಮಗೆ ಸಮಾಧಾನ ಆಗುತ್ತೆ. ಆದ್ರೆ ಆಟದಲ್ಲಿ ತೊಮೊಶಿ ಹಾಗೇ ಹೇಳ್ತಿರ್ತಾಳೆ."

ಸಿಟ್ಟಿನಿಂದ ಅಂದ ಮಾತಲ್ಲ ಅದು. ಹಾಗಾಗಿಯೇ ಕೇಳಲು ಕಷ್ಟವಾಯಿತು. ರಿಸಾಕೊ ಮುಂದಿನ ಸುತ್ತಿಗೆ ಕೂತಳು, ಮತ್ತೆ ತೊಮೊಶಿಯನ್ನೇ ಆರಿಸಿಕೊಂಡು ಸೋತಳು. ಅವಳ ಆಟ ಮುಗಿಯುವವರೆಗೂ ಚಿಗುಸಾ ಅವಳ ಹಿಂದೆಯೇ ನಿಂತಿದ್ದರು. ಆಮೇಲೆ ಗುರುವಾರಗಳಲ್ಲಿ ಬರಲಿಲ್ಲ.

ಹೋದ ಬೇಸಿಗೆಯಲ್ಲಿ ಊರಿಗೆ ಹೋಗುವ ಬಸ್ಸಿನಲ್ಲಿ, ನಿಲ್ದಾಣಗಳ ಹೆಸರು ಹೇಳುವ ರೆಕಾರ್ಡಿಂಗಿನಲ್ಲಿ ಅವರ ಧ್ವನಿ ಕೇಳಿದೆ. ನಮ್ಮ ಹಳ್ಳಿಗಿಂತ ಹಿಂದಿನ ನಿಲ್ದಾಣದಲ್ಲಿ ಈಗ ಮನೆಗಳಿಲ್ಲ, ಯಾರೂ ಇಳಿಯುವುದಿಲ್ಲ. ಅದರ ಹೆಸರನ್ನೂ ಯಾರೋ ಇಳಿಯಲು ಕಾದಿದ್ದಾರೆ ಎಂಬಂತೆ ಹೇಳಿದ್ದರು. ಡ್ರೈವರನ್ನು ಕೇಳಿದೆ. "ಆ ಆಂಟಿನಾ? ಒಂದೊಂದು ಹೆಸರನ್ನೂ ಮತ್ತೆ ಮತ್ತೆ ಓದಿ ನಮ್ಮ ಆಫೀಸಿನವರನ್ನ ಸುಸ್ತು ಮಾಡಿದ್ರಂತೆ," ಎಂದ.

ಚಿಗುಸಾ ಈಗಲೂ ಬೆಳಗ್ಗೆ ಊಟದ ಡಬ್ಬಿ ಅಂಗಡಿಯಲ್ಲಿ ಅನ್ನ ತುಂಬುತ್ತಾರೆ. ಬಸ್ ಮಾರ್ಗ ಬದಲಾದಾಗಲೆಲ್ಲ ಆ ಕಂಪನಿಯವರಿಗೆ ನಿಲ್ದಾಣಗಳ ಹೆಸರು ಓದಿಕೊಡುತ್ತಾರೆ.