ಕಣ್ಣು ಮುಚ್ಚಿದಾಗ ಏಳುವ ಅಲೆ

ಜೆಲ್ ಕೂದಲಿನ ಮೇಲೆ ಒಂದು ಕ್ಷಣ ಮುತ್ತಿನಂತೆ ನಿಂತು, ಕಿವಿಯ ಹಿಂದೆ ಜಾರಿ ಹೋಯಿತು. ಮತ್ತೊಮ್ಮೆ ಹಚ್ಚಿದೆ. ಮತ್ತೆ ಜಾರಿತು. ಬೆರಳು ಮೂಸಿ ನೋಡಿದೆ: ತೆಂಗಿನೆಣ್ಣೆ.

ಬೈಂದೂರಿನ ದೊಡ್ಡಮ್ಮನ ಮನೆಯ ಚಾವಡಿಯಲ್ಲಿ, ಬಟ್ಟೆಯ ಟೊಪ್ಪಿಗೆಯೊಂದನ್ನು ಅವಳ ತಲೆಗೆ ಹಾಕಿ ನಿಂತಿದ್ದೆ. ಅದರ ತುಂಬ ಸಣ್ಣ ಲೋಹದ ಬಿಲ್ಲೆಗಳು. ಮೆದುಳಿನ ಕ್ಷೀಣ ವಿದ್ಯುತ್ತು ಅವುಗಳ ಮೂಲಕ ಲ್ಯಾಪ್‌ಟಾಪ್‌ಗೆ ಬಂದು ಗೆರೆಗಳಾಗುತ್ತದೆ. ಬಿಲ್ಲೆಯನ್ನು ಚರ್ಮಕ್ಕೆ ಬೆಸೆಯುವುದು ಜೆಲ್; ನಡುವೆ ಎಣ್ಣೆಯಿದ್ದರೆ ಏನೂ ಬರುವುದಿಲ್ಲ.

ಆಗ ನಾನು ಸಂಶೋಧನೆಗೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಪ್ರಯೋಗಾಲಯಕ್ಕೆ ಬರುತ್ತಿದ್ದವರೆಲ್ಲ ಕಾಲೇಜು ವಿದ್ಯಾರ್ಥಿಗಳು. ದಿನವಿಡೀ ಗದ್ದಲದ ನಡುವೆ ಗಮನ ಕೊಟ್ಟು ದುಡಿಯುವ ಹೆಂಗಸರ ಮೆದುಳನ್ನು ಅವರ ಮನೆಗಳಲ್ಲೇ ನೋಡಬೇಕೆಂಬುದು ನನ್ನ ಆಸೆ. ಮಾರ್ಗದರ್ಶಕಿಗೆ ನಂಬಿಕೆಯಿರಲಿಲ್ಲ. "ಮನೆಯಲ್ಲಿ ಮಾಡಿದ ಒಂದು ಸ್ವಚ್ಛ ದಾಖಲೆ ತೋರಿಸು. ಇಲ್ಲವಾದರೆ ಈ ವಿಷಯ ಬಿಡು" ಎಂದಿದ್ದರು. ಯಂತ್ರವನ್ನು ಮರುದಿನ ಸಂಜೆಯ ರೈಲಿನಲ್ಲಿ ಹಿಂದಕ್ಕೆ ಒಯ್ಯಬೇಕಿತ್ತು.

ತಲೆ ತೊಳೆದುಕೊಂಡಿರಬೇಕೆಂದು ದೊಡ್ಡಮ್ಮನಿಗೆ ಮೊದಲೇ ಹೇಳಿದ್ದೆ. ಮೀನು ಮಾರಿ ಬಂದವಳು ಚೆನ್ನಾಗಿಯೇ ತೊಳೆದುಕೊಂಡಿದ್ದಳು. ಒಣಗಿದ ಮೇಲೆ ಎಣ್ಣೆ ಹಚ್ಚಿ, ಬಾಚಿ, ಅಬ್ಬಲಿಗೆ ಮುಡಿದಿದ್ದಳು.

"ದೊಡ್ಡಮ್ಮ, ಎಣ್ಣಿ ಎಂತಕ್ ಹಾಕದ್ದ್?"

"ಮತ್ತೆಂತ, ಒಣ್ ತಲಿಯಲ್ಲ್ ಬಂದ್ ಕೂಕಂಬುದಾ? ಸೂತ್ಕದ್ ಮನಿಯರ್ ಕಂಡಂಗೆ? ದೊಡ್ಡ್ ಪರೀಕ್ಷಿ ಅಂದಿದ್ಯಲೆ ನೀನ್!"

ವಿಷಯ ಹೇಳಿದೆ. ಅವಳು ನನ್ನನ್ನೂ ಯಂತ್ರವನ್ನೂ ಒಮ್ಮೆ ನೋಡಿದಳು. ಹೂ ತೆಗೆದು ಕಿಟಕಿಯ ಮೇಲಿಟ್ಟಳು.

"ನಿನ್ನ್ ಮಿಷನ್ನಿಗೆ ನಮ್ಮ್ ಮರ್ಯಾದಿ ಗೊತ್ತಿಲ್ಲೆ, ಹೆಣೆ" ಎನ್ನುತ್ತಾ ಬಚ್ಚಲಿಗೆ ನಡೆದಳು. ನಮ್ಮ ಕಡೆ ಹುಡುಗಿಯರನ್ನು 'ಹೆಣೆ' ಎಂದೇ ಕರೆಯುವುದು. ಸೀಗೆಪುಡಿ ಕಲಸಿ, ಅವಳ ತಲೆಯನ್ನು ನಾನೇ ಉಜ್ಜಿದೆ. ಬಿಸಿಲಿಗೆ ಕುಳಿತು ಕೂದಲು ಒಣಗಿಸುವಾಗ ಅವಳು ಬೇಲಿಯ ಕಡೆಗೆ ಬೆನ್ನು ಮಾಡಿದ್ದಳು. ಯಾರಾದರೂ ನೋಡಿದರೆ ಯಾರು ಸತ್ತರೆಂದು ಕೇಳಿಯಾರು ಎಂದಳು.

ಈ ಸಲ ಜೆಲ್ ನಿಂತಿತು. ಬೇರೆ ವಿದ್ಯುತ್ತು ಗೆರೆಗಳಲ್ಲಿ ಬೆರೆಯದಿರಲೆಂದು ಫ್ಯಾನು, ಫ್ರಿಜ್ಜು ಎಲ್ಲ ಆರಿಸಿದೆ. ಪರದೆಯ ಮೇಲೆ ಗೆರೆಗಳು ಅಡ್ಡಾದಿಡ್ಡಿ ಓಡತೊಡಗಿದವು.

"ದೊಡ್ಡಮ್ಮ, ಕಣ್ಣ್ ಮುಚ್ಚಿ."

ಮುಚ್ಚಿದಳು. ತಲೆಯ ಹಿಂಭಾಗದ ಗೆರೆಗಳಲ್ಲಿ ಅಲೆಯೊಂದು ಎದ್ದಿತು. ದುಂಡಗೆ, ಸಮನಾಗಿ, ಒಂದರ ಹಿಂದೆ ಒಂದು. ಉಬ್ಬುತ್ತ, ತಗ್ಗುತ್ತ, ಮತ್ತೆ ಉಬ್ಬುತ್ತ. ಕಣ್ಣು ತೆರೆಯಲು ಹೇಳಿದೆ, ಅಲೆ ಅಳಿಸಿಹೋಯಿತು. ಮುಚ್ಚಲು ಹೇಳಿದೆ, ಬಂತು.

ವಿದ್ಯಾರ್ಥಿಗಳಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೆ. ಕಂಡು, ಯಂತ್ರ ಸರಿಯಿದೆ ಎಂದಷ್ಟೇ ಬರೆದುಕೊಳ್ಳುತ್ತಿದ್ದೆ. ಈಗ ಬರೆಯಲು ಕೈ ಏಳಲಿಲ್ಲ. ಇವಳು ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಇವಳ ದನಿ, ಸಿಟ್ಟು, ನಗು ಎಲ್ಲ ನನಗೆ ಗೊತ್ತೆಂದುಕೊಂಡಿದ್ದೆ. ಅವುಗಳೆಲ್ಲದರ ಕೆಳಗೆ, ನಾನು ಹುಟ್ಟುವ ಮೊದಲಿನಿಂದಲೂ, ಅವಳು ರೆಪ್ಪೆ ಮುಚ್ಚಿದಾಗಲೆಲ್ಲ ಇದು ಏಳುತ್ತಿತ್ತು. ಅವಳಿಗೂ ತಿಳಿಯದೆ.

"ಎಂತ ಹೆಣೆ, ಮಿಷನ್ ಹಾಳಾಯ್ತಾ?"

"ಇಲ್ಲೆ ದೊಡ್ಡಮ್ಮ. ಲಾಯ್ಕ್ ಇತ್ತ್."

"ನಾನ್ ಮನ್ಸೊಳ್ಗೆ ನಿನ್ ದೊಡ್ಡಪ್ಪಯ್ಯಂಗ್ ಬೈದದ್ದ್ ಕಂಡ್ತಾ?"

"ಅದೆಲ್ಲ ಕಾಂಬುದಿಲ್ಲೆ."

"ಬಚಾವ್!" ಎಂದು ನಕ್ಕಳು. ಗೆರೆಗಳೆಲ್ಲ ಒಮ್ಮೆಗೇ ಎದ್ದು ಕುಣಿದವು.

ಮರುದಿನ ಬೆಳಿಗ್ಗೆ ದಾಖಲೆ ಕಳುಹಿಸಲೆಂದು ಕುಂದಾಪುರದ ಬಸ್ಸು ಹತ್ತಿದೆ. ಹಿಂದಿನ ಸೀಟಿನಲ್ಲಿ ಕುಳಿತೆ. ನನ್ನ ಮುಂದೆ ಸಾಲು ಸಾಲು ತಲೆಗಳು. ಒಂದೊಂದೇ ತೂಕಡಿಸಿ ಕಿಟಕಿಗೆ ಒರಗುತ್ತಿದ್ದವು. ಕಣ್ಣು ಮುಚ್ಚಿದೊಡನೆ ಒಂದೊಂದರೊಳಗೂ ಆ ಅಲೆ ಎದ್ದಿರಬೇಕು ಎಂದುಕೊಳ್ಳುತ್ತ, ದಾರಿಯುದ್ದಕ್ಕೂ ಬೇರೆ ಕಡೆ ನೋಡಲಾಗಲಿಲ್ಲ. ಕುಂದಾಪುರದಲ್ಲಿ ಇಳಿದು ಸೈಬರ್ ಅಂಗಡಿಯಿಂದ ದಾಖಲೆಯನ್ನು ಮಾರ್ಗದರ್ಶಕಿಗೆ ಕಳುಹಿಸಿದೆ. ಕೆಳಗೆ ಒಂದೇ ಸಾಲು ಬರೆದೆ: ಯಂತ್ರ ಇನ್ನೊಂದು ವಾರ ಇಲ್ಲೇ ಇರಲಿ.