ಹಂಪಯ್ಯ ಕೂರದ ಸೀಟು

ದೇವದುರ್ಗದಲ್ಲಿ ಕೆಟ್ಟು ನಿಂತ ಗಾಡಿಯ ಕೆಳಗೆ ಎರಡು ಕಾಲು ಕಂಡರೆ ಅವು ಹಂಪಯ್ಯನವೇ ಎಂದು ಕಣ್ಣು ಮುಚ್ಚಿ ಹೇಳಬಹುದಿತ್ತು. ಮಸರಕಲ್ಲಿನ ಊರ ಹೊರಗಿನ ಕೇರಿಯ ಕೂಲಿಯವರ ಮಗ. ರಾಯಚೂರಿನ ದಸ್ತಗೀರ್ ಸಾಬರ ಗ್ಯಾರೇಜಿನಲ್ಲಿ ಒಂಬತ್ತು ವರ್ಷ ಗ್ರೀಸು ಬಳಿದುಕೊಂಡು, ಎಪ್ಪತ್ತೇಳರಲ್ಲಿ ದೇವದುರ್ಗದ ಬಸ್‌ಸ್ಟ್ಯಾಂಡಿನ ಹಿಂದೆ ತನ್ನದೇ ತಗಡಿನ ಶೆಡ್ಡು ಹಾಕಿದ. ಸಾಬರು ಹೇಳಿಕೊಟ್ಟಿದ್ದರಲ್ಲಿ ಒಂದು ಮಾತನ್ನು ಅವನು ದೇವರಷ್ಟೇ ನಂಬಿದ್ದ.

"ಸ್ಟೇರಿಂಗ್ ರೋಗ ಕಣ್ಣಿಗೆ ಕಾಣಂಗಿಲ್ಲ ಬೇಟಾ, ಕೈಗೆ ಕಾಣ್ತದ. ಮೊದಲ ಗಾಡಿ ನೀನ ಓಡಿಸಿ ನೋಡು, ಆಮ್ಯಾಲ ಬೋಲ್ಟಿಗಿ ಪಾನಾ ಹಚ್ಚು."

ಲಾರಿ, ಟ್ರ್ಯಾಕ್ಟರುಗಳಿಗೆ ಈ ಮಾತು ನಡೆಯುತ್ತಿತ್ತು. ಮಸರಕಲ್ಲಿನ ಜಮೀನ್ದಾರ ಅಮರೇಗೌಡರ ಜೀಪಿಗೆ ನಡೆಯುತ್ತಿರಲಿಲ್ಲ. ಅದು ಮನೆಮಂದಿಯ ಜೀಪು, ಗೌಡರ ತಾಯಿ ಗೋಪಮ್ಮನವರು ಕೂರುವ ಜೀಪು. ಅದರ ಕೆಳಗೆ ಹಂಪಯ್ಯ ಅಂಗಾತ ಮಲಗಬಹುದು, ಇಂಜಿನ್ನಿನೊಳಗೆ ಮೊಣಕೈವರೆಗೆ ಕೈ ಹಾಕಬಹುದು, ಸೀಟಿನ ಮೇಲೆ ಮಾತ್ರ ಕೂರುವಂತಿಲ್ಲ. ದಸ್ತಗೀರ್ ಸಾಬರು ಬಂದಾಗ ಅದೇ ಸೀಟಿನಲ್ಲಿ ಕೂತು ಚಹಾ ಕುಡಿದಿದ್ದರು. ಮುಖ ನೋಡಿ ಮಣೆ ಹಾಕುತ್ತಾರೆ ಅನ್ನುತ್ತಾರಲ್ಲ, ಗೌಡರ ಮನೆಯಲ್ಲಿ ಮುಖವನ್ನೂ ನೋಡುತ್ತಿರಲಿಲ್ಲ, ಕೇರಿಯನ್ನು ನೋಡುತ್ತಿದ್ದರು.

ಎಂಬತ್ತೊಂದರ ಬೇಸಿಗೆಯಲ್ಲಿ ಗೌಡರು ಜೀಪು ತಂದು ಶೆಡ್ಡಿನ ಮುಂದೆ ನಿಲ್ಲಿಸಿದರು.

"ಸ್ಟೇರಿಂಗ್ ಬಾಳ ಸಡ್ಲ ಆಗ್ಯದಲೇ ಹಂಪ್ಯಾ. ನಾ ಇತ್ಲಾಗ ತಿರುವಿದ್ರ ಗಾಡಿ ಯೋಚನಿ ಮಾಡಿ ತಿರಗ್ತದ. ಶುಕ್ರವಾರ ಮಾನ್ವಿಗಿ ಮಗಳ ನಿಶ್ಚಯಕ್ಕ ಹೋಗಬೇಕು. ನಿನ್ನ ಹೇಣ್ತಿನೂ ಬರ್ತಾಳ, ಅಂಗಳ ಕಸ ಹೊಡ್ಯಾಕ."

ಹಂಪಯ್ಯನ ಹೆಂಡತಿ ಹುಲಗೆಮ್ಮ ಗೌಡರ ದನದ ಕೊಟ್ಟಿಗೆಯಲ್ಲಿ ಕೆಲಸ ಮಾಡುತ್ತಿದ್ದಳು.

ಹಂಪಯ್ಯ ಮುಂದಿನ ಗಾಲಿಗಳನ್ನು ಜಾಕ್ ಮೇಲೆ ಎತ್ತಿ ಕೆಳಗೆ ನುಸುಳಿದ. ಗೌಡರು ಸೀಟಿನಲ್ಲಿ ಕೂತರು.

"ಸಣ್ಣಗ ಅಲ್ಲಾಡಸ್ರಿ ಯಪ್ಪಾ. ಎರಡು ಬಟ್ಟು ಆಕಡಿ, ಎರಡು ಬಟ್ಟು ಈಕಡಿ."

ಗೌಡರಿಗೆ ಸಣ್ಣಗೆ ಮಾಡುವುದು ಯಾವುದೂ ಬರುತ್ತಿರಲಿಲ್ಲ. ಬೀಸುಕಲ್ಲಿನಂತೆ ಗರಗರ ತಿರುಗಿಸಿದರು. ಆದರೂ ಹಂಪಯ್ಯನ ಕಣ್ಣಿಗೆ ಕಾಣುವಷ್ಟು ಕಂಡಿತು. ಎರಡು ಗಾಲಿಗಳನ್ನು ಜೋಡಿಸುವ ಉದ್ದ ಸರಳಿನ ತುದಿಯ ಜಾಯಿಂಟುಗಳು ಸವೆದು, ಹಿಡಿದು ಅಲ್ಲಾಡಿಸಿದರೆ ಮುದುಕನ ಹಲ್ಲಿನಂತೆ ಅಲ್ಲಾಡುತ್ತಿದ್ದವು. ರಾಯಚೂರಿಗೆ ಹೋಗಿ ಹೊಸವನ್ನು ತಂದು ಹಾಕಿದ. ಗಾಲಿಯ ಬೇರಿಂಗುಗಳನ್ನೂ ಬಿಗಿದ. ಒಂದು ಗೇಣು ಇದ್ದ ಸಡಿಲು ಎರಡು ಬೆರಳಿಗೆ ಇಳಿಯಿತು. ಅಲ್ಲಿಂದ ಮುಂದೆ ಇಳಿಯಲಿಲ್ಲ. ಬುಧವಾರ ಗೌಡರು ಜೀಪು ಒಯ್ಯಲು ಬಂದರು.

"ಇನ್ನ ಎರಡು ಬಟ್ಟು ಉಳದದ್ರಿ. ಇದು ಜಾಯಿಂಟಿಂದಲ್ಲ, ಬ್ಯಾರೆ ಎಲ್ಲೋ ಅದ. ಗಾಲಿ ನೆಲದ ಮ್ಯಾಲ ಭಾರ ಹೊತ್ತಾಗ ಹಿಡೀಬೇಕು. ಒಂದ ಸಲ ನಾ ರೋಡಿಗಿ ಒಯ್ದು ನೋಡ್ತೀನ್ರಿ." ಹಂಪಯ್ಯ ಕೈಯಲ್ಲಿ ಗೋಣಿಚೀಲವನ್ನೂ ಹಿಡಿದುಕೊಂಡೇ ನಿಂತಿದ್ದ. "ಇದನ್ನ ಹಾಸ್ಕೊಂಡು ಕುಂದ್ರತೀನ್ರಿ ಯಪ್ಪಾ."

ಗೌಡರು ನಕ್ಕರು. "ಎರಡು ಬಟ್ಟಿಗಿ ಏನಾಗ್ತದಲೇ? ನೀ ಕುಂತ ಸೀಟಿನ್ಯಾಗ ನಮ್ಮವ್ವನ್ನ ಕುಂದ್ರಸಲೇನು?"

ಇಲ್ಲಿ ಹಂಪಯ್ಯ ಕೀಲಿಕೈ ಕೊಡಬಾರದಿತ್ತು. ಈ ಗಾಡಿ ರೋಡಿಗೆ ಹೋಗುವ ಹಾಗಿಲ್ಲ ಅನ್ನಬೇಕಿತ್ತು. ಲಾರಿ ಡ್ರೈವರುಗಳ ಮುಂದೆ ಹುಲಿಯಂತೆ ಗುರುಗುಟ್ಟುತ್ತಿದ್ದವನು ಗೌಡರ ಮುಂದೆ ಬಾಯಿ ಸತ್ತು ನಿಂತ. "ಆತ್ರಿ ಯಪ್ಪಾ" ಅಂದ. ಕೇರಿಯಲ್ಲಿ ತಾಯಿ ಹಾಲಿನ ಜೊತೆ ಕುಡಿಸುವ ಮಾತದು, ಉಗುಳಿದರೂ ಹೋಗುವುದಿಲ್ಲ.

ಗುರುವಾರ ಸಂಜೆ ಹೆಂಡತಿಗೆ ಮಾತ್ರ ಹೇಳಿದ. "ನಾಳೆ ನೀ ಹೋಗಬ್ಯಾಡ ಹುಲಗಿ. ಜೀಪಿಂದು ಇನ್ನಾ ಕೆಲಸ ಅದ."

"ಹೋಗಲಿಲ್ಲಂದ್ರ ಮತ್ತ ಕೆಲಸಕ್ಕ ಕರೀತಾರೇನು? ನೀನ ರಿಪೇರಿ ಮಾಡಿದ ಗಾಡಿ, ನನಗ್ಯಾಕ ಹೆದರಕಿ?" ಅಂದಳು ಹುಲಗೆಮ್ಮ. ಆ ಮಾತಿನಲ್ಲಿ ಗಂಡನ ಬಗ್ಗೆ ಹೆಮ್ಮೆಯಿತ್ತು.

ಶುಕ್ರವಾರ ಸಿರವಾರ ದಾಟಿದ ಮೇಲೆ ಕಾಲುವೆಯ ತಿರುವಿನಲ್ಲಿ ಗೌಡರು ಸ್ಟೇರಿಂಗ್ ತಿರುಗಿಸಿದರು, ಜೀಪು ತಿರುಗಲಿಲ್ಲ. ರಸ್ತೆ ಬಿಟ್ಟು ಇಳಿದು ಕರಿಜಾಲಿ ಗಿಡಕ್ಕೆ ಬಡಿದು ನಿಂತಿತು. ಸೀಟಿನಲ್ಲಿದ್ದವರಿಗೆ ತರಚು ಗಾಯ. ಹುಲಗೆಮ್ಮ ಸೀಟಿನಲ್ಲಿರಲಿಲ್ಲ. ಅವಳಿಗೂ ಸೀಟಿರಲಿಲ್ಲ. ಹಿಂದಿನ ಬಾಗಿಲ ಅಂಚಿನಲ್ಲಿ ಕಸಬರಿಗೆ, ಬುಟ್ಟಿಗಳನ್ನು ತಬ್ಬಿಕೊಂಡು ಕೂತಿದ್ದವಳು ಕಲ್ಲಿನ ಮೇಲೆ ಬಿದ್ದಳು. ರಾಯಚೂರು ಮುಟ್ಟುವ ಮೊದಲೇ ಜೀವ ಹೋಗಿತ್ತು.

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. "ರಿಪೇರಿ ಮಾಡಿದಾವ ಯಾರು? ಹಂಪ್ಯಾ. ಅವನ ಹೇಣ್ತೀನ್ನ ಅವನೇ ಕೊಂದ" ಎಂದು ಗೌಡರು ಊರಬಾಗಿಲ ಅಗಸೆಯ ಕಟ್ಟೆಯಲ್ಲಿ ಕೂತು ಹೇಳಿದರು. ಊರು ತಲೆದೂಗಿತು. ಹಂಪಯ್ಯನೂ ಇಲ್ಲ ಅನ್ನಲಿಲ್ಲ.

ಹುಲಗೆಮ್ಮನ ದಿನದ ಕಾರ್ಯ ಮುಗಿದ ವಾರಕ್ಕೆ ಗೌಡರು ಜೀಪನ್ನು ಎತ್ತುಗಳಿಂದ ಎಳೆಸಿಕೊಂಡು ಮತ್ತೆ ಅದೇ ಶೆಡ್ಡಿಗೆ ಬಂದರು. ಮಾರಬೇಕಿತ್ತು, ದೇವದುರ್ಗದಲ್ಲಿ ಬೇರೆ ಮೆಕ್ಯಾನಿಕ್ ಇರಲಿಲ್ಲ. ಹಂಪಯ್ಯ ನೇರ ಹೋಗಿ ಡ್ರೈವರ್ ಸೀಟಿನಲ್ಲಿ ಕೂತ. ಗೋಣಿಚೀಲ ಹಾಸಲಿಲ್ಲ. ಗೌಡರು ಬಾಯಿ ತೆರೆದರು, ಹೆಂಗಿದ್ದರೂ ಮಾರುವ ಗಾಡಿ ಅನ್ನಿಸಿ ಮುಚ್ಚಿದರು.

ಹಂಪಯ್ಯ ಕಣ್ಣು ಮುಚ್ಚಿ ಸ್ಟೇರಿಂಗನ್ನು ಎರಡು ಬೆರಳು ಆಚೆ, ಎರಡು ಬೆರಳು ಈಚೆ ಆಡಿಸಿದ. ಟಕ್. ಕಾಲಿನ ಮುಂದೆ, ಎಡಗಡೆ. ಮತ್ತೆ ಟಕ್. ಒಂದು ಬೀಡಿ ಹಚ್ಚುವಷ್ಟು ಹೊತ್ತೂ ಹಿಡಿಯಲಿಲ್ಲ. ಇಳಿದು ಗಾಡಿಯ ಉಕ್ಕಿನ ಚೌಕಟ್ಟು, ಚಾಸಿಯ ಮೇಲಿನ ಗ್ರೀಸು, ಕೆಸರನ್ನೆಲ್ಲ ಕೆರೆದ. ಸ್ಟೇರಿಂಗ್ ಬಾಕ್ಸು ಕೂರುವ ಬೋಲ್ಟಿನ ಪಕ್ಕ ಚಾಸಿ ಬಿರುಕು ಬಿಟ್ಟಿತ್ತು, ಸ್ಟೇರಿಂಗ್ ತಿರುವಿದರೆ ಗಾಲಿಯ ಬದಲು ಬಾಕ್ಸೇ ಹೊರಳುತ್ತಿತ್ತು. ಬಿರುಕಿನ ಒಳಗೆಲ್ಲ ತುಕ್ಕು. ಮೊನ್ನೆ ಬಡಿದದ್ದರಿಂದ ಆದದ್ದಲ್ಲ, ತಿಂಗಳುಗಳಿಂದ ಇದ್ದದ್ದು.

ಗೌಡರು ಬಗ್ಗಿ ನೋಡಿದರು. "ಇಷ್ಟ ಏನಲೇ? ಇದನ್ನ ಅವತ್ತ ಹೇಳಬಾರದಿತ್ತೇನು?"

ಹಂಪಯ್ಯ ಕೈಯೊರೆಸಿಕೊಂಡು ಮತ್ತೆ ಸೀಟು ಹತ್ತಿ ಕೂತ. ಹುಟ್ಟಿದಾಗಿನಿಂದ ಗೌಡರನ್ನು ಅವನು ಕೆಳಗಿನಿಂದಲೇ ನೋಡಿದ್ದ. ಈಗ ಮೇಲಿನಿಂದ ನೋಡಿದ.

"ಕುಂದ್ರಾಕ ಬಿಟ್ಟಿದ್ರ ಹೇಳ್ತಿದ್ದೆ, ಗೌಡಾ."

ಯಪ್ಪಾ ಅನ್ನಲಿಲ್ಲ, ರೀ ಹಚ್ಚಲಿಲ್ಲ. ಗೌಡರು ಎತ್ತು ಬಿಚ್ಚಿಕೊಂಡು ಹೋಗುವವರೆಗೂ ಆ ಸೀಟಿನಿಂದ ಇಳಿಯಲಿಲ್ಲ. ಆ ಧೈರ್ಯ ಆ ಬುಧವಾರವೇ ಬಂದಿದ್ದರೆ ಹುಲಗೆಮ್ಮ ಅಷ್ಟು ಹೊತ್ತಿಗೆ ಬುತ್ತಿ ತರುತ್ತಿದ್ದಳು.